ತಾನಾಗಿ ತೆರೆಯುವ ಪುಟ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ತಾಯಿ ಒಬ್ಬಳೇ. ಅವಳು ತೀರಿಕೊಂಡ ಮೇಲೆ ಅವನು ಎಲ್ಲರ ಬಾಯಲ್ಲೂ ರಟ್ಟಪ್ಪ. ಪುಸ್ತಕಗಳಿಗೆ ರಟ್ಟು ಕಟ್ಟುವವನಿಗೆ ಇನ್ನೇನು ಹೆಸರಿಡುತ್ತಾರೆ? ವಯಸ್ಸು ಐವತ್ತೆರಡು, ಮದುವೆಯಾಗಿರಲಿಲ್ಲ. ಮನೆಯಲ್ಲಿ ತಂಗಿ ಇದ್ದದ್ದರಿಂದ ಹೊತ್ತಿಗೆ ಸರಿಯಾಗಿ ಊಟವೂ ಸಿಗುತ್ತಿತ್ತು, ಬೈಗುಳವೂ ಸಿಗುತ್ತಿತ್ತು. ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬಳಿ ಉದ್ದನೆಯ ಮೇಜು, ಮೂಲೆಯಲ್ಲಿ ಕಬ್ಬಿಣದ ತಿರುಪಿನ ಪ್ರೆಸ್ಸು, ಗೋಡೆಯಿಂದ ಗೋಡೆಗೆ ಒದ್ದೆ ಹಾಳೆ ಒಣಹಾಕುವ ದಾರ. ಹಾಳೆಗಳ ಮಡಿಕೆಗಳನ್ನು ಸೂಜಿ ದಾರದಿಂದ ಹೊಲಿಯುವುದು ತಂಗಿಯ ಕೆಲಸ. ರಟ್ಟು ಕತ್ತರಿಸುವುದು, ಅಂಟು ಹಚ್ಚುವುದು, ಒತ್ತುವುದು ಅವನದು. ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು.

ಶಾಲೆಯ ರಿಜಿಸ್ಟರು, ವಕೀಲರ ಕಡತ ಎಲ್ಲ ಬರುತ್ತಿದ್ದವು. ಆದರೆ ಬೀದಿಯ ತುದಿಯಲ್ಲೇ ಚರ್ಚ್ ಇದ್ದದ್ದರಿಂದ ಹೆಚ್ಚಾಗಿ ಬರುತ್ತಿದ್ದದ್ದು ಬೈಬಲ್ಲು. ಹಳೆಯ ಬೈಬಲ್ ಕೈಗೆ ಬಂದ ಕೂಡಲೇ ರಟ್ಟಪ್ಪ ಒಂದು ಆಟ ಆಡುತ್ತಿದ್ದ. ಅದನ್ನು ಬೆನ್ನಿನ ಮೇಲೆ ನೆಟ್ಟಗೆ ನಿಲ್ಲಿಸಿ ಎರಡೂ ಕೈ ಬಿಟ್ಟುಬಿಡುವುದು. ಪುಸ್ತಕ ತಾನಾಗಿ ಎಲ್ಲೋ ಒಂದು ಕಡೆ ತೆರೆದುಕೊಳ್ಳುತ್ತದೆ. ಅದರ ಯಜಮಾನ ಎಲ್ಲಿ ಹೆಚ್ಚು ಹೊತ್ತು ಕೂತಿದ್ದನೋ ಅಲ್ಲಿ. ಮಗನನ್ನು ಕಳೆದುಕೊಂಡ ದರ್ಜಿಯ ಹೆಂಡತಿಯ ಪುಸ್ತಕ ಕೀರ್ತನೆಗಳಲ್ಲಿ ತೆರೆಯಿತು, ಆ ಹಾಳೆ ಕಣ್ಣೀರಿನಿಂದ ಉಬ್ಬಿಕೊಂಡಿತ್ತು. ಸಭೆಯಲ್ಲಿ ಯಾವತ್ತೂ ನಗದ, ಹುಡುಗರ ತಲೆಗೂದಲು ಉದ್ದವಾದರೂ ಗದರುತ್ತಿದ್ದ ಮುದುಕರೊಬ್ಬರ ಪುಸ್ತಕ ನೇರವಾಗಿ ಪರಮಗೀತೆಯಲ್ಲಿ ತೆರೆಯಿತು, ಪ್ರಿಯತಮೆಯ ಕೊರಳನ್ನು ವರ್ಣಿಸುವ ಜಾಗದಲ್ಲಿ. ರಟ್ಟಪ್ಪ ಆ ದಿನವೆಲ್ಲ ಒಬ್ಬನೇ ನಕ್ಕ. ಯಾಕೆ ನಗುತ್ತೀಯ ಎಂದು ತಂಗಿ ಕೇಳಿದರೆ ಹೇಳಲಿಲ್ಲ.

ಹೇಳಬಾರದು ಎಂಬುದು ಅವನ ಅಪ್ಪ ಹಾಕಿಕೊಟ್ಟ ಕಟ್ಟು. ಪುಸ್ತಕ ತನ್ನ ಯಜಮಾನನ ಬಗ್ಗೆ ಹೇಳಿದ್ದು ಅಂಗಡಿಯ ಹೊಸ್ತಿಲು ದಾಟಬಾರದು. ಈ ಕಟ್ಟನ್ನು ರಟ್ಟಪ್ಪ ಜೀವಮಾನದಲ್ಲಿ ಒಂದೇ ಸಲ ಮುರಿದಿದ್ದ, ಅದೂ ಕೆಟ್ಟ ಕಾರಣಕ್ಕೆ. ಹತ್ತು ವರ್ಷದ ಹಿಂದೆ ಒಬ್ಬ ಶಾಲಾ ಮೇಷ್ಟರು ತಂಗಿಯನ್ನು ಕೇಳಿ ಬಂದಿದ್ದರು. ರಟ್ಟಪ್ಪ ಅವರ ಬೈಬಲ್ ನೋಡಿ, "ಒಂದು ಪುಟವೂ ಮಾಸಿಲ್ಲ, ಈ ಮನುಷ್ಯ ಓದೋದೇ ಇಲ್ಲ, ಇವನು ಬೇಡ" ಎಂದು ಸಂಬಂಧ ಕೆಡಿಸಿದ. ಆಮೇಲೆ ಗೊತ್ತಾಯಿತು, ಮೇಷ್ಟರ ಹಳೆಯ ಬೈಬಲ್ ಪ್ರವಾಹದಲ್ಲಿ ಹೋಗಿತ್ತಂತೆ, ಅದು ಹೊಸದಾಗಿ ಯಾರೋ ಕೊಟ್ಟದ್ದಂತೆ. ನಿಜ ಹೇಳಬೇಕೆಂದರೆ ರಟ್ಟಪ್ಪನಿಗೆ ಹೊಲಿಗೆಯ ಕೈ ಬಿಟ್ಟುಕೊಡಲು ಮನಸ್ಸಿರಲಿಲ್ಲ. ತಂಗಿ ಮೂರು ತಿಂಗಳು ಊಟ ಬಡಿಸಿ ಎದ್ದುಹೋಗುತ್ತಿದ್ದಳು, ಎದುರಿಗೆ ಕೂರುತ್ತಿರಲಿಲ್ಲ. ಅದು ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಈಗ ಅವಳಿಗೆ ಮೂವತ್ತೊಂಬತ್ತು. ಮತ್ತೊಂದು ಸಂಬಂಧ ಬಂದಿತ್ತು.

ಕೇಳಿ ಬಂದವರು ಅಂಗಡಿಗಳ ತೂಕ ಅಳತೆ ಪರೀಕ್ಷಿಸುವ ಸರ್ಕಾರಿ ಅಧಿಕಾರಿ. ಬೀದಿಯವರಿಗೆಲ್ಲ ಅವರು ತಕ್ಕಡಿ ಸಾಹೇಬರು. ಐವತ್ತು ವರ್ಷ, ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ. ಮೊದಲ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸಭೆಯ ಹಿರಿಯರಲ್ಲಿ ಒಬ್ಬರು. ಭಾನುವಾರ ಅವರು ಎದ್ದು ವಾಕ್ಯ ಓದಿದರೆ ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ.

ರಟ್ಟಪ್ಪನಿಗೆ ಅವರ ಮೇಲೆ ಗೌರವ ಹುಟ್ಟಿದ್ದು ಗುರುವಾರದ ಬೈಬಲ್ ಅಧ್ಯಯನದಲ್ಲಿ. ಚರ್ಚಿನ ಪಕ್ಕದ ಕೋಣೆಯಲ್ಲಿ ಮಡಚುವ ಕುರ್ಚಿಗಳ ಮೇಲೆ ಹತ್ತು ಹದಿನೈದು ಜನ ಕೂರುತ್ತಿದ್ದರು. ಒಂದು ಗುರುವಾರ ಪಾದ್ರಿಗಳು, ಬೈಬಲ್ಲಿನಲ್ಲಿ ಎಲ್ಲ ಭಾಗಗಳೂ ಸಮವೋ, ಕೆಲವು ಹೆಚ್ಚೋ ಎಂದು ಕೇಳಿದರು.

ತಂಗಿ ತಡಮಾಡಲಿಲ್ಲ. "ಹೆಚ್ಚು ಇವೆ, ಅಯ್ಯನವರೇ. ಯಾವ ಆಜ್ಞೆ ದೊಡ್ಡದು ಅಂತ ಕೇಳಿದಾಗ ಯೇಸುವೇ ಎರಡು ಆರಿಸಿ ಹೇಳಿದನಲ್ಲ. ದೇವರನ್ನ ಪ್ರೀತಿಸು, ನೆರೆಯವರನ್ನ ಪ್ರೀತಿಸು. ಎಲ್ಲಾ ಒಂದೇ ಅಂದಿದ್ರೆ ಯಾಕೆ ಆರಿಸ್ತಿದ್ದ? ಪುದೀನ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ದೇವರಿಗೆ ಅಂತ ಲೆಕ್ಕ ಹಾಕ್ಕೊಂಡು ಕೂತವರಿಗೆ, ನ್ಯಾಯ, ಕರುಣೆ, ನಂಬಿಕೆ, ಇವೇ ಭಾರದ ಮಾತು, ಅದನ್ನ ಬಿಟ್ಟಿದ್ದೀರಿ ಅಂತ ಬೈದದ್ದೂ ಅವನೇ."

ತಕ್ಕಡಿ ಸಾಹೇಬರು ನಯವಾಗಿ ನಕ್ಕರು. "ಭಾರದ ವಿಚಾರ ನನಗೆ ಬಿಡಿ, ಅದು ನನ್ನ ಕೆಲಸ. ಪೆಟ್ಟಿಗೆಯಲ್ಲಿರೋ ತೂಕದ ಬಟ್ಟುಗಳಲ್ಲಿ ಒಂದನ್ನ ತೆಗೆದಿಟ್ರೂ ಅಂಗಡಿಯವನು ಸುಳ್ಳು ತೂಗ್ತಾನೆ. ದೇವರ ಮಾತಲ್ಲಿ ಆರಿಸೋಕೆ ನಾವ್ಯಾರು? ಒಂದೊಂದು ಅಕ್ಷರಕ್ಕೂ ಅದೇ ತೂಕ."

ರಟ್ಟಪ್ಪನ ಎದೆ ಉಬ್ಬಿತು. ಅವನೂ ಇದನ್ನೇ ನಂಬಿದ್ದ, ತನ್ನ ಕೆಲಸದಿಂದ ಕಲಿತು ನಂಬಿದ್ದ. "ಸಾಹೇಬ್ರು ಹೇಳಿದ್ದು ಸರಿ," ಎಂದ. "ಮಡಿಕೆಯಲ್ಲಿ ಪ್ರತಿ ಹಾಳೆಗೂ ಒಂದು ಜೋಡಿ ಇರುತ್ತೆ, ಎರಡೂ ಒಂದೇ ಕಾಗದ, ನಡುವೆ ಮಡಚಿರೋದು. ಇದು ಬೇಡ ಅಂತ ಇಲ್ಲಿ ಒಂದನ್ನ ಕಿತ್ತರೆ, ಅಲ್ಲೆಲ್ಲೋ ಅದರ ಜೋಡಿ ಸಡಿಲವಾಗಿ ಉದುರುತ್ತೆ. ಬೈಂಡರ್‌ಗೆ ಬೇಡದ ಹಾಳೆ ಅಂತ ಒಂದೂ ಇಲ್ಲ." ಸಭೆ ತಲೆದೂಗಿತು. ಮನೆಗೆ ಬರುವ ದಾರಿಯಲ್ಲಿ ತಂಗಿ, "ಅಲ್ಲಣ್ಣ, ನೀನು ಅಷ್ಟು ಬೈಬಲ್ ಹೊಲಿಸಿದ್ದೀಯ, ಪೂರ್ತಿ ಓದಿದ್ದೀಯಾ?" ಎಂದು ಕೇಳಿದಳು. ರಟ್ಟಪ್ಪ ಮಾತು ಬದಲಿಸಿದ.

ಸಾಹೇಬರು ಸಂಬಂಧ ಕೇಳಿದ್ದು ಅದಾದ ಎರಡು ವಾರಕ್ಕೆ. ರಟ್ಟಪ್ಪ ಎರಡು ಯೋಚನೆ ಮಾಡಲಿಲ್ಲ. ಹಳೆಯ ಮುಳ್ಳನ್ನು ಕಿತ್ತುಹಾಕಲು ದೇವರೇ ಕೊಟ್ಟ ಅವಕಾಶ ಅಂದುಕೊಂಡ. ತಂಗಿ ಒಂದು ವಾರದ ಮೇಲೆ ಒಪ್ಪಿದಳು. "ಒಂದು ವಿಷಯ ಮಾತ್ರ ನೆನಪಾಗುತ್ತಣ್ಣ," ಎಂದಳು ಒಂದು ಸಲ, ಸೂಜಿಗೆ ದಾರ ಪೋಣಿಸುತ್ತ. "ಅವರ ಮೊದಲನೇ ಹೆಂಡತಿ ಯಾರ ಮನೇಲೂ ನೀರು ಮುಟ್ತಿರಲಿಲ್ಲ. ಚರ್ಚಲ್ಲಿ ಚಹಾ ಕೊಟ್ರೂ ಲೋಟ ಹಿಡ್ಕೊಂಡೇ ಇರ್ತಿದ್ರು, ಆರಿಹೋಗೋವರೆಗೆ. ಯಾಕೆ ಅಂತ ಕೇಳಿದ್ರೆ ಗಂಡನ ಕಡೆ ನೋಡ್ತಿದ್ರು."

"ಪಾಪ, ಕಾಯಿಲೆ ಇತ್ತಲ್ಲ. ಹೊಟ್ಟೆ ಬಾತುಕೊಂಡಿತ್ತು," ಎಂದ ರಟ್ಟಪ್ಪ.

ಮದುವೆಗೆ ಎರಡು ವಾರ ಇದ್ದಾಗ, ತಂಗಿ ಮಾರುಕಟ್ಟೆಗೆ ಹೋಗಿದ್ದ ಹೊತ್ತು ನೋಡಿಕೊಂಡು ಸಾಹೇಬರು ಅಂಗಡಿಗೆ ಬಂದರು. ಕೈಯಲ್ಲಿ ಕಾಗದ ಸುತ್ತಿದ ದಪ್ಪ ಬೈಬಲ್. "ಮದುವೆ ದಿನ ಇದನ್ನೇ ಹಿಡಿದು ನಿಲ್ಲೋದು," ಎಂದರು. "ಪೂರ್ತಿ ಬಿಚ್ಚಿ ಹೊಸದರ ಹಾಗೆ ಮಾಡಿಕೊಡಿ. ಕಲೆ ಗುರುತು ಯಾವುದೂ ಉಳಿಯೋದು ಬೇಡ. ನಿಮ್ಮ ತಂಗಿಗೆ ಈಗಲೇ ತೋರಿಸ್ಬೇಡಿ, ಹೊಲಿಗೆಯೂ ನೀವೇ ಹಾಕಿ. ಮತ್ತೆ, ಕೊನೆಯಲ್ಲಿ ಹನ್ನೆರಡು ಖಾಲಿ ಹಾಳೆ ಸೇರಿಸಿ. ನುಣುಪಾದದ್ದು. ಶಾಯಿ ಹೀರಬಾರದು, ಮೇಲೆಯೇ ನಿಲ್ಲಬೇಕು."

"ಭಾನುವಾರದ ಪ್ರಸಂಗದ ಟಿಪ್ಪಣಿಗಾ?" ಎಂದ ರಟ್ಟಪ್ಪ.

"ಬರೆಯೋಕೆ," ಎಂದರು ಸಾಹೇಬರು.

ಅವರು ಹೋದ ಮೇಲೆ ರಟ್ಟಪ್ಪ ಅಭ್ಯಾಸದಂತೆ ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ ಕೈ ಬಿಟ್ಟ. ಭಾವೀ ಬಾವನ ಪುಸ್ತಕ ಎಂಬ ಕುತೂಹಲ ಬೇರೆ. ಅದು ತಡವರಿಸದೆ, ಯಾರೋ ಕೈ ಹಾಕಿ ತೆರೆದ ಹಾಗೆ, ಬೈಬಲ್ಲಿನ ನಾಲ್ಕನೇ ಭಾಗವಾದ ಅರಣ್ಯಕಾಂಡದ ಐದನೇ ಅಧ್ಯಾಯದಲ್ಲಿ ತೆರೆದುಕೊಂಡಿತು. ರಟ್ಟಪ್ಪ ಮೆಚ್ಚಿಕೊಂಡ. ಯಾರು ಓದುತ್ತಾರೆ ಅರಣ್ಯಕಾಂಡವನ್ನು? ಜನಗಣತಿ, ಗುಡಾರ ಎತ್ತುವ ಸರದಿ, ಅಷ್ಟೇ ತಾನೇ ಅಲ್ಲಿರುವುದು. ಎಲ್ಲ ಅಕ್ಷರಕ್ಕೂ ಒಂದೇ ತೂಕ ಎಂದ ಮನುಷ್ಯ ಆಡಿದ ಹಾಗೆ ನಡೆಯುತ್ತಾನೆ ಅಂದುಕೊಂಡ. ಪುಟದ ಬಲಗಡೆ ಕೆಳಗೆ, ಅಂಚಿನಿಂದ ಎರಡು ಬೆರಳು ಒಳಗೆ, ಲೋಟದ ತಳದ ದುಂಡನೆಯ ಕಲೆ ಇತ್ತು. ಒಂದಲ್ಲ, ಒಂದರ ಮೇಲೊಂದು ಕೂತ ಹಲವು ಉಂಗುರಗಳು, ಅಲ್ಲಲ್ಲಿ ನೀಲಿ ಶಾಯಿಯ ಮಸುಕು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಏಳು ತಾರೀಖುಗಳು. ಓದಿ ಮುಗಿಸಿದ ದಿನ ಗುರುತು ಹಾಕಿಕೊಳ್ಳುವವರು ಬಹಳ ಜನ, ಇವರೂ ಹಾಗೇ ಇರಬೇಕು. ಆದರೆ ಬೈಬಲ್ ಮೇಲೆ ಲೋಟ ಇಡುವುದೆಂದರೇನು, ಅಷ್ಟು ಶಿಸ್ತಿನ ಮನುಷ್ಯ, ಎಂದು ಸ್ವಲ್ಪ ಬೇಸರವಾಯಿತು. ಪುಸ್ತಕದ ಕೊನೆಯಲ್ಲಿ ಮೊದಲು ಖಾಲಿ ಹಾಳೆಗಳಿದ್ದ ಜಾಗದಲ್ಲಿ ಬುಡ ಮಾತ್ರ ಉಳಿದಿತ್ತು. ಅಡಿಪಟ್ಟಿ ಇಟ್ಟು ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದರು. ಕತ್ತರಿಸಿದ ರೀತಿ ನೋಡಿ ರಟ್ಟಪ್ಪ ಭೇಷ್ ಅಂದ, ಅಷ್ಟು ನೇರ.

ನಾಲ್ಕು ದಿನ ಅವನು ಜೀವ ತೇಯ್ದು ಕೆಲಸ ಮಾಡಿದ. ಹಳೆಯ ಹೊಲಿಗೆ ಬಿಚ್ಚಿ ಮಡಿಕೆಗಳನ್ನು ಬೇರೆ ಮಾಡಿದ. ಪೆನ್ಸಿಲ್ ಗುರುತುಗಳನ್ನು ರಬ್ಬರಿನಿಂದ ಅಳಿಸಿದ, ಒಂದೊಂದಾಗಿ, ಕಾಗದಕ್ಕೆ ನೋವಾಗದ ಹಾಗೆ. ಕೊನೆಯ ತಾರೀಖು ತನ್ನ ಹುಟ್ಟಿದ ದಿನವೇ ಆಗಿದ್ದರಿಂದ ಒಂದು ಕ್ಷಣ ಕೈ ನಿಂತಿತು, ಮತ್ತೆ ಅದನ್ನೂ ಅಳಿಸಿದ. ಕಲೆ ಬಿದ್ದ ಹಾಳೆಯನ್ನು ತಟ್ಟೆಯ ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ಉಂಗುರಗಳು ಬಿಟ್ಟುಕೊಳ್ಳುವವರೆಗೆ ನೀರು ಬದಲಾಯಿಸಿದ. ನೀರು ಮೊದಲು ಕಂದು ಬಣ್ಣಕ್ಕೆ, ಆಮೇಲೆ ತೆಳು ನೀಲಿಗೆ ತಿರುಗಿತು. ತಳದಲ್ಲಿ ಸಣ್ಣ ಮಣ್ಣಿನ ಕಣಗಳು ಕೂತವು. ಹಾಳೆಯನ್ನು ತೆಳುವಾದ ಅಂಟು ನೀರಿನಲ್ಲಿ ಅದ್ದಿ ದಾರದ ಮೇಲೆ ಒಣಹಾಕಿ, ಅದರ ಮುಂದೆಯೇ ಸ್ಟೂಲು ಎಳೆದುಕೊಂಡು ಕೂತ.

ಹಾಳೆ ಅವನ ಮುಖದ ಎದುರಿಗೇ ತೂಗುತ್ತಿತ್ತು. ಬೇರೆ ನೋಡಲು ಏನೂ ಇಲ್ಲದ್ದರಿಂದ ಓದಿದ. ನಲವತ್ತು ವರ್ಷದಲ್ಲಿ ಸಾವಿರ ಸಲ ಅವನ ಕೈ ದಾಟಿದ್ದ ಆ ಪುಟವನ್ನು ಅವನು ಓದಿದ್ದು ಅದೇ ಮೊದಲು.

ಹೆಂಡತಿಯ ಮೇಲೆ ಗಂಡನಿಗೆ ಸಂಶಯ ಬಂದರೆ, ಸಾಕ್ಷಿ ಇಲ್ಲದಿದ್ದರೆ, ಅವಳನ್ನು ಯಾಜಕನ ಮುಂದೆ ನಿಲ್ಲಿಸಬೇಕು. ಅವನು ನೀರಿಗೆ ನೆಲದ ಧೂಳು ಹಾಕಬೇಕು. ಶಾಪದ ಮಾತುಗಳನ್ನು ಬರೆದು, ಆ ಬರಹವನ್ನು ಅದೇ ನೀರಿನಲ್ಲಿ ತೊಳೆದು, ಆ ಕಹಿ ನೀರನ್ನು ಅವಳಿಗೆ ಕುಡಿಸಬೇಕು. ಅವಳು ತಪ್ಪು ಮಾಡಿದ್ದರೆ ಹೊಟ್ಟೆ ಬಾತುಕೊಳ್ಳುತ್ತದೆ. ಮಾಡದಿದ್ದರೆ ಏನೂ ಆಗುವುದಿಲ್ಲ. ಯಾವುದೇ ಆಗಲಿ, ಗಂಡನ ಮೇಲೆ ದೋಷವಿಲ್ಲ.

ರಟ್ಟಪ್ಪ ತಟ್ಟೆಯ ತಳದ ಮಣ್ಣನ್ನು ನೋಡಿದ. ಶಾಯಿ ಹೀರದ ಹನ್ನೆರಡು ಹಾಳೆಗಳು ಮೇಜಿನ ಮೇಲೆ ಕತ್ತರಿಸಿ ಸಿದ್ಧವಾಗಿದ್ದವು. ಬರೆದದ್ದು ನೀರು ಸೋಕಿದರೆ ಪೂರ್ತಿ ಬಿಟ್ಟುಕೊಳ್ಳಬೇಕು, ಅದಕ್ಕೆ. ಏಳು ತಾರೀಖುಗಳಲ್ಲಿ ಕೊನೆಯದು ತನ್ನ ಹುಟ್ಟಿದ ದಿನ, ಮೂರು ವರ್ಷದ ಹಿಂದಿನದು. ಅದಾದ ಹತ್ತನೇ ದಿನ ಅವನು ಆ ಹೆಂಗಸಿನ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ. ಕೊಂದದ್ದು ಮಣ್ಣಿನ ನೀರೋ, ಶಾಯಿಯೋ, ಕಾಯಿಲೆಯೋ, ಏಳು ಸಲದ ಹೆದರಿಕೆಯೋ, ಅದನ್ನು ಈಗ ಯಾರು ಹೇಳಬಲ್ಲರು? ಸಾಕ್ಷಿಯಾಗಿ ಉಳಿದಿದ್ದದ್ದು ಈ ಒಂದು ಪುಟ. ಅದನ್ನು ಅವನೇ ಕೈಯಾರೆ ಹಾಲಿನಷ್ಟು ಬಿಳುಪಾಗಿ ತೊಳೆದು ಒಣಹಾಕಿದ್ದ. ಇಷ್ಟು ಚೊಕ್ಕಟವಾಗಿ ಕೆಲಸ ಮಾಡುವ ದರಿದ್ರ ಬುದ್ಧಿ ಬೇರೆ ಯಾರಿಗಾದರೂ ಇದ್ದೀತೇ?

ಮೊದಲು ಬಂದ ಯೋಚನೆ ಆ ಹಾಳೆಯನ್ನೇ ಇಲ್ಲವಾಗಿಸುವುದು. ಚಾಕು ತೆಗೆದುಕೊಂಡು ಎದ್ದ. ಹಾಳೆಯನ್ನು ತಿರುಗಿಸಿದ. ಅದರ ಬೆನ್ನಿಗೇ ಆರನೇ ಅಧ್ಯಾಯದ ಕೊನೆ ಇತ್ತು: ಕರ್ತನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ, ತನ್ನ ಮುಖವನ್ನು ನಿನ್ನ ಕಡೆಗೆ ಬೆಳಗಿಸಲಿ ಎಂಬ ಹಾರೈಕೆ. ಪ್ರತಿ ಭಾನುವಾರ ಪಾದ್ರಿಗಳು ಕೈ ಎತ್ತಿ ಜನರನ್ನು ಮನೆಗೆ ಕಳಿಸುವುದು ಇದೇ ಮಾತಿನಿಂದ. ತಾಯಿ ಸಾಯುವಾಗ ಅವಳ ಹಣೆಯ ಮೇಲೆ ಕೈ ಇಟ್ಟು ಅವರು ಹೇಳಿದ್ದೂ ಇದನ್ನೇ. ಒಂದೇ ಕಾಗದದ ಎರಡು ಮಗ್ಗುಲು. ರಟ್ಟಪ್ಪ ಚಾಕು ಕೆಳಗಿಟ್ಟ.

ಮಧ್ಯಾಹ್ನವೇ ಪಾದ್ರಿಗಳ ಮನೆಗೆ ಹೋದ. ಅವರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ಗುರುತು ಎಲ್ಲಿದೆ, ತೋರಿಸು."

"ಅಳಿಸಿಬಿಟ್ಟೆ, ಅಯ್ಯನವರೇ."

"ಕಲೆ?"

"ತೊಳೆದುಬಿಟ್ಟೆ."

"ಹಾಗಾದ್ರೆ ಒಬ್ಬ ಮನುಷ್ಯ ಬೈಬಲ್ಲಿನ ಒಂದು ಪುಟವನ್ನ ಬಹಳ ಸಲ ಓದಿದ ಅಂತ ನೀನು ದೂರು ತಂದಿದ್ದೀಯ," ಎಂದರು ಪಾದ್ರಿಗಳು. "ನಾನು ಅವರನ್ನ ಕರೆಸಿ ಏನು ಕೇಳಲಿ? ಎಲ್ಲಾ ಹಾಳೆ ಸಮ ಅಂತ ಗುರುವಾರ ಸಭೆಯ ಮುಂದೆ ಹೇಳಿದವನೇ ನೀನು." ಆಮೇಲೆ ದನಿ ತಗ್ಗಿಸಿ, ನೆಲ ನೋಡುತ್ತ ಹೇಳಿದರು: "ಇಪ್ಪತ್ತಾರು ವರ್ಷದಲ್ಲಿ ಆ ಅಧ್ಯಾಯದ ಮೇಲೆ ನಾನು ಒಂದು ದಿನವೂ ಮಾತಾಡಿಲ್ಲ. ಮುಜುಗರ ಅಂತ ದಾಟಿಸಿಕೊಂಡೇ ಬಂದೆ. ಯೇಸುವಿನ ಕಾಲದ ನಂತರ ಅದನ್ನ ಯಾರು ಮಾಡ್ತಾರೆ ಅಂದ್ಕೊಂಡಿದ್ದೆ." ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಹೆಚ್ಚೇನೂ ಮಾಡುವ ಹಾಗೆ ಕಾಣಲಿಲ್ಲ.

ಉಳಿದದ್ದು ತಂಗಿ. ಅಪ್ಪನ ಕಟ್ಟನ್ನು ಎರಡನೇ ಸಲ ಮುರಿಯಬೇಕಾಯಿತು. ಅವಳು ಮದುವೆಯ ಬಟ್ಟೆಯ ಅಂಚು ಹೊಲಿಯುತ್ತ ಕೂತಿದ್ದಳು. ರಟ್ಟಪ್ಪ ಏಳು ತಾರೀಖು, ಉಂಗುರದ ಜಾಗ, ಕತ್ತರಿಸಿದ ಹಾಳೆ, ತಟ್ಟೆಯ ಮಣ್ಣು, ಒಂದನ್ನೂ ಬಿಡದೆ ಹೇಳಿದ. ಅವಳು ಹೊಲಿಗೆ ನಿಲ್ಲಿಸಲಿಲ್ಲ.

"ಮುಗೀತಾ?" ಎಂದಳು. "ಆವತ್ತು ಮೇಷ್ಟರ ಪುಸ್ತಕ ಹೊಸದಾಗಿತ್ತು ಅಂತ ಬೇಡ ಅಂದೆ. ಇವತ್ತು ಇವರ ಪುಸ್ತಕ ಹಳೇದಾಗಿದೆ ಅಂತ ಬೇಡ ಅಂತೀಯ. ನಿನ್ನ ಹೊಲಿಗೆ ಕೆಲಸಕ್ಕೆ ಒಬ್ಬಳನ್ನ ಇಟ್ಕೋ ಅಣ್ಣ, ನನ್ನನ್ನ ಬಿಡು."

"ನನ್ನಾಣೆ, ಇದು ಹಾಗಲ್ಲ ಕಣೇ."

"ತೋರಿಸು, ನೋಡ್ತೀನಿ."

ಅವನ ಬಳಿ ತೋರಿಸಲು ಏನಿತ್ತು? ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಆ ಹತ್ತು ವರ್ಷದ ತಪ್ಪು ಈಗ ಬಡ್ಡಿ ಸಮೇತ ಎದುರು ಬಂದು ನಿಂತಿದೆ ಎಂದು ಅವನಿಗೆ ಅನ್ನಿಸಿತು. ಅಳು ಬಂತು, ಎದ್ದು ಅಂಗಡಿಗೆ ಹೋದ.

ಮಾತಿಲ್ಲದ ದಿನಗಳು ಕಳೆದವು. ಕೆಲಸ ಹಿಡಿದ ಮೇಲೆ ಅರ್ಧಕ್ಕೆ ಬಿಡುವುದು ಅವನಿಗೆ ಗೊತ್ತಿರಲಿಲ್ಲ, ಅಥವಾ ಬೇರೇನು ಮಾಡಬೇಕೆಂದು ಗೊತ್ತಿರಲಿಲ್ಲ. ಮಡಿಕೆಗಳನ್ನು ಹೊಲಿದ, ಹನ್ನೆರಡು ಖಾಲಿ ಹಾಳೆ ಸೇರಿಸಿದ, ಕಪ್ಪು ಚರ್ಮದ ರಟ್ಟು ಕಟ್ಟಿದ, ಮೂರು ದಿನ ಪ್ರೆಸ್ಸಿನಲ್ಲಿ ಬಿಗಿದ. ಹೊರಗೆ ತೆಗೆದು ಬೆನ್ನಿನ ಮೇಲೆ ನಿಲ್ಲಿಸಿ ಕೈ ಬಿಟ್ಟ. ಪುಸ್ತಕ ಮುಚ್ಚಿಕೊಂಡೇ ನಿಂತಿತು, ಎಲ್ಲೂ ತೆರೆಯಲಿಲ್ಲ.

ಮದುವೆಗೆ ಮೂರು ದಿನ ಇರುವಾಗ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಸಾಹೇಬರು ಬಂದರು. ತಂಗಿ ಒಳಬಾಗಿಲಲ್ಲಿ ನಿಂತಿದ್ದಳು. ಅವಳಿದ್ದಾಳೆಂದು ಸಾಹೇಬರು ಈ ಸಲ ಹಿಂಜರಿಯಲಿಲ್ಲ. ಪುಸ್ತಕವನ್ನು ಅಂಗೈಯಲ್ಲಿಟ್ಟು ಭಾರ ನೋಡಿದರು, ಚರ್ಮವನ್ನು ಸವರಿದರು. ಆಮೇಲೆ ಬೆರಳು ಒಳಗೆ ತೂರಿಸಿ, ಪುಸ್ತಕದ ಕಡೆ ನೋಡದೆ, ತಂಗಿಯನ್ನೇ ನೋಡುತ್ತ ತೆರೆದರು. ರಟ್ಟಪ್ಪ ಕತ್ತು ಚಾಚಿ ನೋಡಿದ. ಅರಣ್ಯಕಾಂಡ, ಐದು. ಪುಸ್ತಕ ಮರೆತಿತ್ತು, ಕೈ ಮರೆತಿರಲಿಲ್ಲ.

"ಇಲ್ಲಿ ಏನೋ ಬರೆದಿತ್ತಲ್ಲ," ಎಂದರು ಸಾಹೇಬರು, ಖಾಲಿ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ.

"ಪೆನ್ಸಿಲ್ ಗುರುತು. ಅಳಿಸಿದೆ."

"ಒಳ್ಳೇದಾಯ್ತು. ಮೊದಲಿಂದ ಬರೆದುಕೊಳ್ಳಬಹುದು." ತಂಗಿಯ ಕಡೆ ತಿರುಗಿದರು. "ಒಂದು ಲೋಟ ನೀರು ತರ್ತೀಯಾ?"

ಅವಳು ನೀರು ತಂದಳು. ಸಾಹೇಬರು ಲೋಟ ತೆಗೆದುಕೊಂಡರು, ಕುಡಿಯಲಿಲ್ಲ. ತೆರೆದ ಪುಟದ ಮೇಲೆ ಅದನ್ನು ಇಟ್ಟರು. ಬಲಗಡೆ, ಕೆಳಗೆ, ಅಂಚಿನಿಂದ ಎರಡು ಬೆರಳು ಒಳಗೆ. ಅವರ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ತಂಗಿ ಲೋಟ ನೋಡಿದಳು, ಅಣ್ಣನನ್ನು ನೋಡಿದಳು. ರಟ್ಟಪ್ಪ ಆ ನೋಟವನ್ನು ಸಾಯುವವರೆಗೆ ಮರೆಯಲಾರ. ಅದರಲ್ಲಿ ಹತ್ತು ವರ್ಷದಲ್ಲಿ ಮೊದಲ ಸಲ ಸಿಟ್ಟಿರಲಿಲ್ಲ.

ಸಾಹೇಬರು ಲೋಟ ಎತ್ತಿ ಅವಳ ಕಡೆ ಚಾಚಿದರು. "ಕುಡಿ."

"ನೀರು ಕೇಳಿದ್ದು ನೀವಲ್ವಾ?"

"ನಿನಗೇ ಅಂತ ಕೇಳಿದ್ದು. ಇವತ್ತು ಬರೀ ನೀರು. ಮದುವೆಗೆ ಮುಂಚೆ ಒಂದು ಸಲ ಅಭ್ಯಾಸ ಆಗಲಿ. ಮನಸ್ಸಲ್ಲಿ ಕಳ್ಳತನ ಇಲ್ಲದವರಿಗೆ ಇದರಿಂದ ಏನೂ ಆಗಲ್ಲ, ಹಾಗಂತ ಇಲ್ಲೇ ಬರೆದಿದೆ." ಅವರ ದನಿಯಲ್ಲಿ ಒರಟುತನವಾಗಲಿ ನಾಚಿಕೆಯಾಗಲಿ ಇರಲಿಲ್ಲ. ಅಂಗಡಿಯವನಿಗೆ ನಿಯಮ ವಿವರಿಸುವಂತೆ ಹೇಳಿದರು. ರಟ್ಟಪ್ಪ ಒಬ್ಬ ಕಪಟಿಯನ್ನು ನಿರೀಕ್ಷಿಸಿದ್ದ. ಈ ಮನುಷ್ಯ ನಿಜವಾಗಿ ನಂಬಿದ್ದಾನೆ ಎಂದು ತಿಳಿದಾಗ ಅವನಿಗೆ ಇನ್ನೂ ಹೆಚ್ಚು ಭಯವಾಯಿತು.

ತಂಗಿ ಲೋಟ ತೆಗೆದುಕೊಂಡಳು. "ನಿಮ್ಮ ಮೊದಲನೇ ಹೆಂಡತಿ ಎಷ್ಟು ಸಲ ಕುಡಿದ್ರು?"

"ಏಳು," ಎಂದರು ಸಾಹೇಬರು. "ಆರು ಸಲ ಏನೂ ಆಗಲಿಲ್ಲ."

ತಂಗಿ ಲೋಟವನ್ನು ಮೇಜಿನ ತುದಿಯಲ್ಲಿಟ್ಟು, ಪುಟದ ಮೇಲಿನ ಹಸಿ ಉಂಗುರವನ್ನು ಬಟ್ಟೆಯಿಂದ ಒತ್ತಿ ಒರೆಸಿದಳು, ಹಾಳೆ ತಿರುಗಿಸಿದಳು. "ಇದನ್ನ ಅವರಿಗೆ ಒಂದು ದಿನವಾದರೂ ಓದಿದ್ರಾ? ಆಶೀರ್ವದಿಸಿ ಕಾಪಾಡಲಿ ಅನ್ನೋದನ್ನ?"

"ಅದನ್ನ ಪಾದ್ರಿಗಳು ಪ್ರತಿ ವಾರ ಹೇಳ್ತಾರಲ್ಲ."

"ಎಲ್ಲಾ ಅಕ್ಷರಕ್ಕೂ ಒಂದೇ ತೂಕ ಅಂದಿದ್ರಿ. ನೀವೂ ಆರಿಸ್ಕೊಂಡಿದ್ದೀರಿ, ಸಾಹೇಬ್ರೇ. ನನಗಿಂತ ಕಡಿಮೆ ಆರಿಸ್ಕೊಂಡಿದ್ದೀರಿ, ಒಂದೇ ಪುಟ. ಈ ಮದುವೆ ಬೇಡ. ಹೋಗಿ."

ಸಾಹೇಬರು ಅವಳು ಕುಡಿಯದ ಲೋಟವನ್ನು ನೋಡಿದರು. "ಕುಡಿಯೋಕೆ ಹೆದರೋರು ಯಾರು ಅಂತ ನನಗೆ ಗೊತ್ತು," ಎಂದರು. ಪುಸ್ತಕದ ಕೊನೆ ತೆರೆದು ಖಾಲಿ ಹಾಳೆಗಳನ್ನು ಎಣಿಸಿದರು. "ಹನ್ನೆರಡು. ಸರಿಯಾಗಿದೆ." ರಟ್ಟಪ್ಪನ ಕೈಗಳು, ನಲವತ್ತು ವರ್ಷದ ಅಭ್ಯಾಸದ ಕೈಗಳು, ಪುಸ್ತಕವನ್ನು ಕಾಗದದಲ್ಲಿ ಸುತ್ತಿ ದಾರ ಕಟ್ಟಿ ಗಂಟು ಹಾಕಿ ಕೊಟ್ಟವು. ಬಾಗಿಲು ಮುಚ್ಚಿಕೊಂಡ ಮೇಲೆ ಅವನಿಗೆ ತಾನೇನು ಮಾಡಿದೆ ಎಂದು ಗೊತ್ತಾಯಿತು. ಬೀದಿಗೆ ಓಡಿದ. ಸಾಹೇಬರು ತಿರುವು ದಾಟಿ ಹೋಗಿದ್ದರು.

ಆಮೇಲೆ ಅವರು ಚರ್ಚಿಗೆ ಬರಲಿಲ್ಲ. ವರ್ಗ ಮಾಡಿಸಿಕೊಂಡು ಬೇರೆ ಊರಿಗೆ ಹೋದರು ಎಂದರು. ಪಾದ್ರಿಗಳು ಒಂದು ಭಾನುವಾರ ಪೀಠದ ಮೇಲೆ ನಿಂತು ಆ ಅಧ್ಯಾಯವನ್ನು ಪೂರ್ತಿ ಓದಿ, ತಾವು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದಕ್ಕೆ ಸಭೆಯ ಕ್ಷಮೆ ಕೇಳಿದರು. ಒಳ್ಳೆಯದೇ. ಏಳು ಸಲ ಕುಡಿದವಳು ಅದನ್ನು ಕೇಳಲು ಇರಲಿಲ್ಲ.

ಮನೆಯಲ್ಲಿ ತಂಗಿ ಮತ್ತೆ ಎದುರಿಗೆ ಕೂತು ಊಟ ಮಾಡತೊಡಗಿದಳು. ಆದರೆ ರಟ್ಟಪ್ಪ ತಾನು ಕಟ್ಟಿ ಕೊಟ್ಟ ಪುಸ್ತಕವನ್ನೇ ನೆನೆಯುತ್ತಿದ್ದ. ಆ ಪುಸ್ತಕಕ್ಕೆ ಹಾಕಿದ್ದು ಗಟ್ಟಿ ಹೊಲಿಗೆ. ಐವತ್ತು ವರ್ಷ ಅಲ್ಲಾಡುವುದಿಲ್ಲ. ಆ ಕಾಗದ ಒಂದು ಹನಿ ಶಾಯಿಯನ್ನೂ ಹೀರುವುದಿಲ್ಲ.

ಐದನೇ ತಿಂಗಳಲ್ಲಿ ಪಾದ್ರಿಗಳೇ ಸುದ್ದಿ ತಂದರು. ಆ ಊರಿನ ಚರ್ಚಿನಲ್ಲಿ ಸಾಹೇಬರ ಮದುವೆಯ ಪ್ರಕಟಣೆ ಓದಿದ್ದಾರಂತೆ. ಹುಡುಗಿ ಚಿಕ್ಕವಳು, ಶಾಲೆಯಲ್ಲಿ ಗುಮಾಸ್ತೆ, ತಾಯಿಯ ಜೊತೆ ಇದ್ದಾಳಂತೆ. ವಿಳಾಸವನ್ನು ಚೀಟಿಯಲ್ಲಿ ಬರೆದು ತಂದಿದ್ದರು.

ಅಣ್ಣ ತಂಗಿ ಮರುದಿನ ಬೆಳಗ್ಗೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ರಟ್ಟಪ್ಪ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದ, ಪ್ರತಿ ಸಲವೂ ಅದು ಹುಚ್ಚನ ಮಾತಿನಂತೆ ಕೇಳುತ್ತಿತ್ತು. ತೋರಿಸು ಎಂದರೆ ತೋರಿಸಲು ಏನೂ ಇರಲಿಲ್ಲ. "ನಾನಿದ್ದೀನಲ್ಲ," ಎಂದಳು ತಂಗಿ. "ಲೋಟ ನನ್ನ ಕೈಗೇ ಕೊಟ್ಟಿದ್ದು."

ಮನೆ ಸಿಕ್ಕಿತು. ಎರಡನೇ ಮಹಡಿ, ಹಸಿರು ಬಾಗಿಲು, ಹೊರಗೆ ಒಂದು ಜೊತೆ ಚಪ್ಪಲಿ. ತಂಗಿ ಬಾಗಿಲು ತಟ್ಟಿದಳು. ತೆಳ್ಳಗಿನ ಹುಡುಗಿಯೊಬ್ಬಳು ತೆರೆದಳು. ಹಿಂದೆ ಮೇಜಿನ ಮೇಲೆ ಕಪ್ಪು ಚರ್ಮದ ದಪ್ಪ ಪುಸ್ತಕ ಇತ್ತು. ತನ್ನ ಕೈಕೆಲಸ ರಟ್ಟಪ್ಪನಿಗೆ ಎಷ್ಟು ದೂರದಿಂದಲೂ ಗೊತ್ತಾಗುತ್ತದೆ.

"ಯಾರು ಬೇಕಿತ್ತು?" ಎಂದಳು ಹುಡುಗಿ. ಅವರ ದಣಿದ ಮುಖ ನೋಡಿ ಪಕ್ಕಕ್ಕೆ ಸರಿದಳು. "ದೂರದಿಂದ ಬಂದ ಹಾಗಿದೆ. ಬನ್ನಿ, ಕೂತ್ಕೊಳ್ಳಿ. ಮೊದಲು ನೀರು ತರ್ತೀನಿ."

ಅವಳು ಎರಡು ಲೋಟ ತಂದಳು. ತಂಗಿ ತನ್ನದನ್ನು ತೆಗೆದುಕೊಂಡು ಹುಡುಗಿಯ ಕೈಗೇ ಚಾಚಿ, "ಮೊದಲು ನೀನು ಒಂದು ಗುಟುಕು ಕುಡಿಯಮ್ಮ," ಎಂದಳು.

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ಮೇಜಿನ ಮೇಲಿದ್ದ ಪುಸ್ತಕದ ಕಡೆ ನೋಡಿದಳು, ಸಾಹೇಬರ ಮೊದಲ ಹೆಂಡತಿ ಗಂಡನ ಕಡೆ ನೋಡುತ್ತಿದ್ದ ಹಾಗೆ.